ಪಕ್ಕದ ಸೀಟಿನ ಬ್ರೇಕು

"ನಿದ್ದೆ ಮಾಡೋಕೆ ಹೇಳಿ ಮಾಡಿಸಿದ ಸೀಟು ಕಣಮ್ಮ," ಎನ್ನುತ್ತ ಯಜಮಾನ ಡ್ರೈವರ್ ಪಕ್ಕದ ಸೀಟಿನಲ್ಲಿ ಒರಗಿ, ಕೆನೆಬಣ್ಣದ ಚರ್ಮವನ್ನು ಅಂಗೈಯಿಂದ ಸವರಿದ. ಆಮೇಲೆ ಕತ್ತೆತ್ತಿ, ಬಾಗಿಲು ಹಿಡಿದು ನಿಂತಿದ್ದವಳನ್ನು ನೋಡಿ ನಕ್ಕ. "ನಿನಗೆ ಒಳ್ಳೇ ಕಡೆ ಕೆಲಸ ಸಿಕ್ಕಿದೆ ಬಿಡು."

ಶೋರೂಮಿನ ಸೇಲ್ಸ್‌ನವರು ಏನೋ ತಮಾಷೆ ಎಂದುಕೊಂಡು ತಾವೂ ನಕ್ಕರು. ಮ್ಯಾನೇಜರ್ ಎಲ್ಲರಿಗಿಂತ ಜೋರಾಗಿ ನಕ್ಕ. ಗಿರಾಕಿ ನಕ್ಕಾಗ ನಗುವುದೂ ಅವನ ಕೆಲಸದಲ್ಲೇ ಸೇರಿತ್ತು. ಬಾಗಿಲು ಹಿಡಿದವಳು ನಗಲಿಲ್ಲ. ಆ ಬಾಗಿಲನ್ನು ಯಜಮಾನನ ಕಾಲಿನ ಮೇಲೇ ಹಾಕಿ ಮುಚ್ಚಿಬಿಡಬೇಕು ಅನ್ನಿಸಿತು ಅವಳಿಗೆ. ಮುಚ್ಚಿದಳು, ಆದರೆ ಅವನು ಕಾಲು ಒಳಗೆಳೆದುಕೊಂಡ ಮೇಲೆ. ಅಷ್ಟು ದುಬಾರಿ ಕಾರಿನ ಬಾಗಿಲನ್ನು ಎಷ್ಟೇ ಸಿಟ್ಟಿನಿಂದ ಹಾಕಿದರೂ ಸದ್ದೇ ಆಗುವುದಿಲ್ಲ, ಅದೊಂದು ಕರ್ಮ.

"ಟೀಚರ್, ಇವರು ನಿಮಗೆ ಮೊದಲೇ ಗೊತ್ತಾ?" ಎಂದು ಮ್ಯಾನೇಜರ್ ಪಕ್ಕಕ್ಕೆ ಕರೆದು ಕೇಳಿದ.

"ಗೊತ್ತು. ಚೆನ್ನಾಗಿ ಗೊತ್ತು."

"ಹಾಗಾದ್ರೆ ಒಳ್ಳೇದೇ ಆಯ್ತು. ಸೋಮವಾರ ಬೆಳಿಗ್ಗೆ ಕಾರು ವಾಪಸ್ ಬರೋ ಹೊತ್ತಿಗೆ ಅವರು ತೊಗೋತೀನಿ ಅನ್ಬೇಕು. ಏನಾದ್ರೂ ಎಡವಟ್ಟಾಯ್ತೋ, ನಿಮ್ಮ ತಲೆ ಮೇಲೆ. ಆಮೇಲೆ ನನ್ನ ಕೇಳ್ಬೇಡಿ."

ಅವಳನ್ನು ಎಲ್ಲರೂ ಟೀಚರ್ ಎನ್ನುತ್ತಿದ್ದರು. ಶಾಲೆಯ ಟೀಚರಲ್ಲ, ಡ್ರೈವಿಂಗ್ ಟೀಚರ್. ಈ ಯಜಮಾನನ ಡ್ರೈವಿಂಗ್ ಸ್ಕೂಲಿನಲ್ಲಿ ವರ್ಷಗಟ್ಟಲೆ ಪಕ್ಕದ ಸೀಟಿನಲ್ಲಿ ಕೂತು, ಊರಿನ ಅರ್ಧ ಹೆಂಗಸರಿಗೆ ಸ್ಟೀರಿಂಗ್ ಹಿಡಿಯುವುದನ್ನು ಕಲಿಸಿದ್ದಳು. ಈಗ ಶೋರೂಮಿನಲ್ಲಿ ಕೆಲಸ. ಇಂಥ ಕಾರು ಕೊಳ್ಳಲು ಬಂದವರಿಗೆ ಶನಿವಾರ, ಭಾನುವಾರ ಕಾರನ್ನೇ ಕೊಟ್ಟುಬಿಡುತ್ತಾರೆ, ಓಡಿಸಿ ನೋಡಲಿ ಎಂದು. ಕಾರಿನ ಜೊತೆ ಒಬ್ಬರು ಶೋರೂಮಿನವರು. ಅವರು ಹೇಳಿಕೊಡಬೇಕು, ಕರೆದಾಗ ಹೋಗಬೇಕು, ಗಿರಾಕಿಗೆ ಆರಾಮಾಗಿ ಕೂತು ನೋಡುವ ಮನಸ್ಸಾದರೆ ತಾವೇ ಓಡಿಸಬೇಕು. ಈ ವಾರ ಯಾರ ಹೆಸರಿಗೆ ಕಾರು ಎಂದು ತಿಳಿದಾಗ ಟೀಚರ್ ಬೇರೆಯವನ ಪಾಳಿಯನ್ನು ಕೇಳಿ ಪಡೆದಿದ್ದಳು. ಏನು ಮಾಡಬೇಕೆಂದು ಅವಳಿಗೇ ಗೊತ್ತಿರಲಿಲ್ಲ. ಅವನ ಎದುರು ಒಂದು ಸಲ ನಿಲ್ಲಬೇಕು, ಅಷ್ಟೇ ತಲೆಯಲ್ಲಿದ್ದದ್ದು.

ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿಗೂ ಒಂದು ಬ್ರೇಕು ಇರುತ್ತದೆ. ಕಲಿಯುವವರು ತಬ್ಬಿಬ್ಬಾದಾಗ ಕಲಿಸುವವರು ಅದನ್ನು ಒತ್ತಿ ಕಾರು ನಿಲ್ಲಿಸುತ್ತಾರೆ. ಆ ಬ್ರೇಕಿನ ಕೇಬಲ್ ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತಿದೆ ಎಂದು ಟೀಚರ್ ಮೇಲಿಂದ ಮೇಲೆ ಹೇಳಿದ್ದಳು. ಕೊನೆಗೊಂದು ದಿನ ಯಜಮಾನ, "ಹೊಸದು ಹಾಕ್ಸಿದೀನಿ ತಾಯಿ, ಇನ್ನಾದ್ರೂ ನನ್ನ ತಲೆ ತಿನ್ನಬೇಡ," ಎಂದ. ಮಾರನೇ ದಿನ ಬೆಳಿಗ್ಗೆ ಒತ್ತಿ ನೋಡಿದಾಗ ಬ್ರೇಕು ಗಟ್ಟಿಯಾಗಿಯೇ ಇತ್ತು. ಅವಳು ನಂಬಿದಳು.

ಅವತ್ತು ಸ್ಟೀರಿಂಗ್ ಹಿಡಿದಿದ್ದವಳು ಅವಳ ಸ್ವಂತ ತಂಗಿ. ನೀರಿನ ಟ್ಯಾಂಕಿನ ಇಳಿಜಾರಿನಲ್ಲಿ ತಂಗಿ ಗಾಬರಿಬಿದ್ದು ಬ್ರೇಕಿನ ಬದಲು ಆಕ್ಸಿಲರೇಟರ್ ತುಳಿದಳು. ಟೀಚರ್ ತನ್ನ ಕಡೆಯ ಬ್ರೇಕು ಒತ್ತಿದಳು. ಹಿಡಿಯಲಿಲ್ಲ. ಮತ್ತೆ ಮತ್ತೆ ಒತ್ತಿದಳು. ಪೆಡಲು ದಡ್ ದಡ್ ಎಂದು ನೆಲಕ್ಕೆ ಬಡಿಯಿತೇ ಹೊರತು ಕಾರು ನಿಲ್ಲಲಿಲ್ಲ. ಹ್ಯಾಂಡ್‌ಬ್ರೇಕು ಎಳೆದದ್ದರಿಂದ ಇಬ್ಬರ ಜೀವ ಉಳಿಯಿತು. ಕಾರು ಗೋಡೆಗೆ ಗುದ್ದಿದ ಮೇಲೆ ಬಗ್ಗಿ ನೋಡಿದರೆ, ಕೆಳಗೆ ಅದೇ ಹಳೆಯ ಕೇಬಲ್. ಹರಿದ ಕಡೆ ಸುತ್ತಿದ್ದ ತಂತಿ ಬಿಚ್ಚಿಕೊಂಡು ನೇತಾಡುತ್ತಿತ್ತು. ವಿಚಾರಣೆಯವರು ಬಂದು ನೋಡುವ ಹೊತ್ತಿಗೆ ಅಲ್ಲಿ ಹೊಸ ಕೇಬಲ್ ಹೊಳೆಯುತ್ತಿತ್ತು.

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. "ತಂತಿನೂ ಇಲ್ಲ, ಮಣ್ಣೂ ಇಲ್ಲ," ಎಂದ ಯಜಮಾನ, ಆಸ್ಪತ್ರೆಯಲ್ಲಿ, ಎಲ್ಲರ ಎದುರು. "ಪಾಪ, ಕೆಲಸ ಜಾಸ್ತಿ ಆಗಿತ್ತು ಅವಳಿಗೆ. ತೂಕಡಿಸ್ತಿದ್ದಳು. ಎಚ್ಚರ ಆದ್ಮೇಲೆ ಹ್ಯಾಂಡ್‌ಬ್ರೇಕ್ ಎಳೆದಿದಾಳೆ." ಆ 'ಪಾಪ' ಎನ್ನುವ ಮಾತು ಎಷ್ಟು ಕೆಲಸ ಮಾಡಿತು ನೋಡಿ! ಟೀಚರ್ ಕೆಲಸ ಹೋಯಿತು, ಕಲಿಸುವ ಲೈಸೆನ್ಸು ಹೋಯಿತು. ತಂಗಿಗೆ ನೆನಪಿದ್ದದ್ದು ಇಷ್ಟೇ: "ಯಾರೋ ಬಾಗಿಲು ಬಡಿದ ಹಾಗೆ ಸದ್ದಾಗ್ತಿತ್ತು. ಆಮೇಲೆ ಗೊತ್ತಿಲ್ಲ." ಅವಳ ಕಾಲು ಮೊದಲಿನಂತೆ ಆಗಲೇ ಇಲ್ಲ. ಯಜಮಾನ ಆಸ್ಪತ್ರೆಯ ಖರ್ಚು ನೋಡಿಕೊಂಡ, ತನ್ನ ಆಫೀಸಿನಲ್ಲೇ ಕೆಲಸ ಕೊಟ್ಟ, ದೊಡ್ಡ ಮನುಷ್ಯನಾದ. ತಂಗಿ ಅಕ್ಕನ ಮನೆ ಬಿಟ್ಟು ಆಫೀಸಿನ ಹತ್ತಿರ ರೂಮು ಮಾಡಿಕೊಂಡಳು. ಎರಡು ವರ್ಷದಿಂದ ಮಾತಿಲ್ಲ.

ಯಜಮಾನನ ಮೇಲೆ ಟೀಚರಿಗೆ ಇದ್ದದ್ದು ಬರೀ ಸಿಟ್ಟಲ್ಲ, ದ್ವೇಷ. ಸ್ನಾನ ಮಾಡುವಾಗ, ಬಸ್ಸಿಗೆ ಕಾಯುವಾಗ, ತಟ್ಟೆ ತೊಳೆಯುವಾಗ ಅದು ಎದ್ದು ಕೂರುತ್ತಿತ್ತು. ಅವನ ಸ್ಕೂಲಿಗೆ ಹೊಸ ಶಾಖೆ ತೆರೆದಾಗಲೆಲ್ಲ ಅವಳಿಗೆ ಊಟ ಸೇರುತ್ತಿರಲಿಲ್ಲ.

ನಿಯಮದ ಪ್ರಕಾರ ಶೋರೂಮಿನ ಗೇಟಿನಿಂದ ದೊಡ್ಡ ರಸ್ತೆಯವರೆಗೆ ಶೋರೂಮಿನವರೇ ಓಡಿಸಬೇಕು. ಟೀಚರ್ ಕಾರನ್ನು ಮೆಲ್ಲಗೆ ಹೊರಗೆ ತಂದಳು. ಗೇಟಿನ ಹತ್ತಿರ ಸ್ಕೂಟರೊಂದು ಅಡ್ಡ ಬಂತು. ಅವಳು ಬ್ರೇಕಿನ ಮೇಲೆ ಕಾಲಿಡುವ ಮೊದಲೇ ಪಕ್ಕದಲ್ಲಿ ದಡ್ ಎಂದಿತು. ನೋಡಿದರೆ, ಯಜಮಾನನ ಬೂಟು ನೆಲಹಾಸಿನಲ್ಲಿ ಊರಿಕೊಂಡಿತ್ತು.

"ಹಾಳು ಚಾಳಿ," ಎಂದು ಅವನೇ ನಕ್ಕ. "ಎಷ್ಟು ವರ್ಷ ಕಲಿಸಿದೀನಿ ನಾನೂ. ಎಲ್ಲಿ ಕೂತ್ರೂ ಕಾಲು ಬ್ರೇಕ್ ಹುಡುಕುತ್ತೆ. ನಿನಗೂ ಹಾಗೇ ತಾನೇ?"

"ಹೂಂ ಸಾರ್. ಬಸ್ಸಲ್ಲಿ ಮುಂದೆ ಕೂತ್ರೂ ಒತ್ತೀನಿ."

"ನೀನು ಒತ್ತೋದು ಬಸ್ಸಲ್ಲೇ ಅನ್ನು!" ತನ್ನ ಮಾತಿಗೆ ತಾನೇ ತೊಡೆ ತಟ್ಟಿಕೊಂಡು ನಕ್ಕ.

ಟೀಚರ್ ನೆಲಹಾಸಿನ ಮೇಲೆ ಮೂಡಿದ್ದ ಬೂಟಿನ ಗುರುತನ್ನೇ ಒಂದು ಸಲ ನೋಡಿದಳು. ಏನು ಮಾಡಬೇಕೆಂದು ಈಗ ಅವಳಿಗೆ ಗೊತ್ತಾಗಿತ್ತು.

ದೊಡ್ಡ ರಸ್ತೆ ಸೇರಿದ ಮೇಲೆ ಯಜಮಾನ ಸ್ಟೀರಿಂಗ್ ಹಿಡಿದ. ಕಾರು ನೋಡುವುದಕ್ಕಿಂತ ಕಾರಿನಲ್ಲಿ ತನ್ನನ್ನು ಎಲ್ಲರೂ ನೋಡಲಿ ಎಂಬುದೇ ಅವನ ಆಸೆ. ಒಂದೊಂದು ಶಾಖೆಯ ಎದುರೂ ನಿಲ್ಲಿಸಿ ಹಾರ್ನ್ ಹೊಡೆದ. ಕೆಲಸದವರು ಹೊರಗೆ ಬಂದು "ಸೂಪರ್ ಸಾರ್" ಎಂದರು. ಒಬ್ಬ ಮುಂದಿನ ಗಾಜಿನಲ್ಲಿ ತಲೆ ಬಾಚಿಕೊಂಡ. ಟೀಚರ್ ಪಕ್ಕದಲ್ಲಿ ಕೂತು, ಇದು ಸೀಟು ಬಿಸಿ ಮಾಡುವ ಬಟನ್, ಇದು ಸೀಟು ತಂಪು ಮಾಡುವ ಬಟನ್ ಎಂದು ಗಿಳಿಪಾಠ ಒಪ್ಪಿಸಿದಳು.

ಕೊನೆಯದು ಮುಖ್ಯ ಆಫೀಸು. ಬಾಗಿಲಿನಿಂದ ತಂಗಿ ಬಂದಳು, ಒಂದು ಕಾಲು ಎಳೆಯುತ್ತ. ಸೊರಗಿದ್ದಳು. ಕೂದಲು ಕತ್ತರಿಸಿಕೊಂಡಿದ್ದಳು. ಕತ್ತರಿಸಿಕೊಂಡದ್ದು ಕೂಡ ತನಗೆ ಗೊತ್ತಿಲ್ಲವಲ್ಲ ಎಂದು ಟೀಚರಿಗೆ ಅನ್ನಿಸಿತು. ತಂಗಿ ಅವಳನ್ನು ನೋಡಿ ಕಾರಿನ ಇನ್ನೊಂದು ಬದಿಗೆ ಹೋದಳು.

"ನೋಡಿದ್ಯಾ, ನಿನ್ನ ತಂಗಿನ ಎಷ್ಟು ಚೆನ್ನಾಗಿ ನೋಡ್ಕೊಂಡಿದೀನಿ," ಎಂದ ಯಜಮಾನ. ಕುರಿಯನ್ನು ತೋರಿಸುವ ವ್ಯಾಪಾರಿಯ ಧಾಟಿ. "ನಾಳೆ ಇವಳನ್ನೂ ಕರ್ಕೊಂಡು ಹೋಗೋಣ. ನೀನು ಓಡಿಸು, ನಾನು ಕೂತು ನೋಡ್ತೀನಿ. ಸರೀನಾ?"

"ನಾಳೆ ಎಷ್ಟು ಹೊತ್ತಿಗೆ ಹೊರಡೋದು ಮೇಡಂ?" ತಂಗಿ ಕೇಳಿದಳು.

ಮೇಡಂ! ಅಮ್ಮ ಕೆಲಸಕ್ಕೆ ಹೋದಾಗ ಅವಳಿಗೆ ತಲೆ ಬಾಚಿ, ಮೂಗು ಒರೆಸಿ, ಶಾಲೆಗೆ ಎಳೆದುಕೊಂಡು ಹೋದವಳು ಈಗ ಮೇಡಂ. "ಹತ್ತಕ್ಕೆ," ಎಂದಳು ಟೀಚರ್. ತಂಗಿಯೂ ಬರುತ್ತಾಳೆ ಎನ್ನುವುದು ಅವಳ ಲೆಕ್ಕದಲ್ಲಿ ಇರಲಿಲ್ಲ.

ಸಂಜೆ ಮನೆಯಲ್ಲಿ ಅಮ್ಮನಿಗೆ ಹೇಳಿದಳು. ಅಮ್ಮ ಬಟ್ಟೆ ಮಡಚುತ್ತಿದ್ದವಳು ನಿಲ್ಲಿಸಲಿಲ್ಲ. "ಹೋಗ್ಲಿ ಬಿಡೇ. ಉಪ್ಪು ತಿಂದೋನು ನೀರು ಕುಡೀಲೇಬೇಕು."

"ಎರಡು ವರ್ಷ ಆಯ್ತಮ್ಮ. ಅವನಿಗೆ ಬಾಯಾರಿಕೇನೇ ಆಗಿಲ್ಲ."

ಅಮ್ಮ ಒಂದು ದುಪ್ಪಟ್ಟಾ ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. "ಒಂದು ಮಾತು ಕೇಳ್ತೀನಿ, ಬೈಬೇಡ. ಅವತ್ತು ನಿನಗೆ ಒಂಚೂರು ಕಣ್ಣು ಎಳೆದಿತ್ತೇನೇ? ಆಯಾಸ ಯಾರಿಗಿಲ್ಲ ಹೇಳು…"

"ನೀನೂನಾ ಅಮ್ಮ?" ಎಂದಳು ಟೀಚರ್. ಅಷ್ಟೇ. ನಾಳೆ ಬಿಟ್ಟುಬಿಡೋಣ ಎಂಬ ಯೋಚನೆ ಎಲ್ಲೋ ಒಂದು ಮೂಲೆಯಲ್ಲಿ ಇದ್ದಿದ್ದರೆ ಅದು ಆಗ ಸತ್ತುಹೋಯಿತು.

ಭಾನುವಾರ ಯಜಮಾನ ಹೊಸ ಅಂಗಿ ಹಾಕಿಕೊಂಡು, ಕಪ್ಪು ಕನ್ನಡಕ ಏರಿಸಿ ಬಂದ. ಹಿಂದಿನ ಸೀಟಿನ ಬಾಗಿಲು ತೆಗೆದರೆ, "ಥೂ, ಹಿಂದೆ ಕೂರೋಕೆ ನಾನೇನು ಮದುವೆ ಗಂಡಾ?" ಎಂದು ಮುಂದೆಯೇ ಕೂತ. ಡ್ರೈವಿಂಗ್ ಸ್ಕೂಲಿನವನು ಎಲ್ಲಿ ಕೂರುತ್ತಾನೆ ಎಂದು ಟೀಚರಿಗೆ ಗೊತ್ತಿತ್ತು. ತಂಗಿ ಹಿಂದೆ, ಟೀಚರ್ ಬೆನ್ನ ಹಿಂದೆ ಕೂತಳು. ಅಲ್ಲಿಂದ ಅವಳಿಗೆ ಅಕ್ಕನ ಮುಖ ಕಾಣುತ್ತಿರಲಿಲ್ಲ. ಯಜಮಾನನ ಕಾಲು ಕಾಣುತ್ತಿತ್ತು.

ಊರೆಲ್ಲ ಒಂದು ಸುತ್ತು ಆಯಿತು. ಕಾರಿನೊಳಗೆ ಹೊರಗಿನ ಯಾವ ಸದ್ದೂ ಇಲ್ಲ. ಯಜಮಾನ ಸೀಟು ಬಿಸಿ ಮಾಡಿಕೊಂಡ, ತಂಪು ಮಾಡಿಕೊಂಡ, ಮತ್ತೆ ಬಿಸಿ ಮಾಡಿಕೊಂಡ. "ಈ ಬಣ್ಣ ಬೇಡ, ಕಪ್ಪು ತೊಗೋತೀನಿ," ಎಂದ. ಟೀಚರ್ ಕನ್ನಡಿಯಲ್ಲಿ ತಂಗಿಯನ್ನು ನೋಡಿದಳು. ಅವಳು ಮೊಬೈಲು ನೋಡುತ್ತ ತಲೆ ತಗ್ಗಿಸಿದ್ದಳು. ಒಂದು ಕೈ ಮಾತ್ರ ಬಾಗಿಲಿನ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದಿತ್ತು. ಎರಡು ವರ್ಷವಾದರೂ ಕಾರಿನಲ್ಲಿ ಕೂತರೆ ಅವಳಿಗೆ ಭಯ. ಟೀಚರ್ ಮನಸ್ಸು ಹಿಂಜರಿಯಿತು. ಇವಳನ್ನು ಆ ಇಳಿಜಾರಿಗೆ ಕರೆದುಕೊಂಡು ಹೋಗುವುದೇ? ಇವನಿಗಾಗಿ ಇವಳಿಗೂ? ಬೇಡ, ನೇರ ಹೋಗಿಬಿಡೋಣ ಎಂದುಕೊಂಡಳು.

"ಏನಮ್ಮಾ, ಮಾತೇ ಇಲ್ಲ," ಎಂದ ಯಜಮಾನ. "ನಿದ್ದೆ ಬರ್ತಿದ್ಯಾ? ಬಂದ್ರೆ ಹೇಳ್ಬಿಡಮ್ಮ. ಹಿಂದೆ ನಿನ್ನ ತಂಗಿ ಇದಾಳೆ, ಪಾಪ. ಅವಳಿಗೆ ಇನ್ನೊಂದು ಕಾಲಾದ್ರೂ ಇರ್ಲಿ."

ಟೀಚರ್ ಇಂಡಿಕೇಟರ್ ಹಾಕಿ ಕಾರನ್ನು ನೀರಿನ ಟ್ಯಾಂಕಿನ ರಸ್ತೆಗೆ ತಿರುಗಿಸಿದಳು.

"ಈ ಕಡೆ ಯಾಕೆ?"

"ಇಳಿಜಾರಲ್ಲಿ ಹೇಗೆ ಹೋಗುತ್ತೆ ಅಂತ ನೋಡ್ಬೇಕಲ್ಲ ಸಾರ್. ಎಲ್ಲಾ ಗಿರಾಕಿಗಳಿಗೂ ತೋರಿಸ್ತೀವಿ."

ಟ್ಯಾಂಕು ದಾಟಿದ ಕೂಡಲೇ ರಸ್ತೆ ಇಳಿಯುತ್ತದೆ. ಕೆಳಗಿನವರೆಗೂ ನೇರ, ಕೊನೆಯಲ್ಲಿ ಒಂದು ತಿರುವು, ತಿರುವಿನಲ್ಲಿ ಕಾಂಪೌಂಡ್ ಗೋಡೆ. ಗೋಡೆಯ ಒಂದು ಕಡೆ ಹೊಸ ಇಟ್ಟಿಗೆಯ ತೇಪೆ ದೂರದಿಂದಲೇ ಕಾಣುತ್ತಿತ್ತು. ಹಿಂದೆ ತಂಗಿ ಮೊಬೈಲು ಕೆಳಗಿಟ್ಟದ್ದು ಟೀಚರಿಗೆ ಕನ್ನಡಿಯಲ್ಲಿ ಕಂಡಿತು.

ವೇಗ ಹೆಚ್ಚೇನಿರಲಿಲ್ಲ. ನಲವತ್ತು. ಬೇರೆ ಯಾರಾದರೂ ಆಗಿದ್ದರೆ ಕಿಟಕಿಯಾಚೆ ನೋಡುತ್ತ ಕೂತಿರುತ್ತಿದ್ದರು. ಆದರೆ ಈ ಇಳಿಜಾರಿನಲ್ಲಿ ಎಲ್ಲಿ ಬ್ರೇಕು ಹಿಡಿಯಬೇಕು ಎನ್ನುವುದು ಯಜಮಾನನ ಕಾಲಿಗೇ ಗೊತ್ತಿತ್ತು. ಅಲ್ಲೇ ಅವನು ನೂರಾರು ಜನರಿಗೆ "ಹಿಡಿ ಈಗ" ಎಂದು ಕೂಗಿದ್ದ. ಮೊದಲನೇ ಲೈಟು ಕಂಬ ಬಂತು. ಟೀಚರ್ ಹಿಡಿಯಲಿಲ್ಲ.

ದಡ್.

"ಬ್ರೇಕ್ ಹಿಡಿ," ಎಂದ.

ಎರಡನೇ ಕಂಬವೂ ಹೋಯಿತು. ದಡ್. ದಡ್. ಟೀಚರ್ ಎರಡೂ ಕೈ ಸ್ಟೀರಿಂಗಿನ ಮೇಲಿಟ್ಟು, ಗೋಡೆಯ ತೇಪೆಯನ್ನೇ ನೋಡುತ್ತಿದ್ದಳು. ಅವಳ ಕಾಲು ಬ್ರೇಕಿನ ಮೇಲೆಯೇ ಇತ್ತು, ಒತ್ತದೆ.

"ಏಯ್! ಬ್ರೇಕ್ ಹಿಡಿಯೇ!"

"ನಿಮ್ಮ ಕಡೆಯಿಂದ ಒತ್ತಿ ಸಾರ್," ಎಂದಳು. ಧ್ವನಿ ಎತ್ತಲಿಲ್ಲ. ಪಾಠ ಹೇಳುವಾಗಿನದೇ ಧ್ವನಿ. "ಚೆನ್ನಾಗಿ ಒತ್ತಿ."

ಯಜಮಾನ ಒತ್ತಿದ. ಎರಡೂ ಕೈಯಲ್ಲಿ ಮುಂದಿನ ಡ್ಯಾಶ್‌ಬೋರ್ಡ್ ಹಿಡಿದು, ಸೀಟಿನಿಂದ ಅರ್ಧ ಎದ್ದು, ಮೈಭಾರವನ್ನೆಲ್ಲ ಬೂಟಿಗೆ ಬಿಟ್ಟು ಒತ್ತಿದ. ದಡ್ ದಡ್ ದಡ್. ಕಪ್ಪು ಕನ್ನಡಕ ಜಾರಿ ಮೂಗಿನ ತುದಿಗೆ ಬಂತು. ಎದುರಿನ ಗೋಡೆಯನ್ನು ಕಂಡು ಕಾರು ತಾನಾಗಿಯೇ ಪಿಂಯ್ ಪಿಂಯ್ ಎಂದು ಎಚ್ಚರಿಕೆ ಕೊಡತೊಡಗಿತು.

"ಹಿಡೀತಿಲ್ಲ!" ಎಂದು ಅರಚಿದ. "ಹಿಡೀತಿಲ್ಲ ಕಣೇ! ತಂತಿ… ತಂತಿ ಬಿಟ್ಟೋಯ್ತು!"

ಟೀಚರ್ ಬ್ರೇಕು ಒತ್ತಿದಳು. ಕಾರು ಗೋಡೆಗೆ ಒಂದು ಮಾರು ದೂರದಲ್ಲಿ ನಿಂತಿತು. ಎಷ್ಟು ಮೆತ್ತಗೆ ಎಂದರೆ, ನಿಂತ ಮೇಲೂ ಯಜಮಾನ ಎರಡು ಸಲ ಒತ್ತಿದ.

ಅವನ ಹೊಸ ಅಂಗಿಯ ಬೆನ್ನು ಒದ್ದೆಯಾಗಿತ್ತು. ಮೊದಲು ಮಾತಾಡಿದವಳು ತಂಗಿ.

"ಸಾರ್, ಈ ಕಾರಲ್ಲಿ ನಿಮ್ಮ ಕಡೆ ಬ್ರೇಕೇ ಇಲ್ಲ."

"ಹಾಂ? ಗೊತ್ತು ಗೊತ್ತು. ಏನೋ ಗಾಬರೀಲಿ, ಚಾಳಿ…"

"ತಂತಿ ಅಂದ್ರಿ. ಯಾವ ತಂತಿ?"

"ಯಾರು, ನಾನಾ? ನಾನೆಲ್ಲಿ ಅಂದೆ?" ಯಜಮಾನ ಹಿಂದೆ ತಿರುಗಿದ. ಅವಳ ಮುಖ ನೋಡಿ ಮಾತು ಅಲ್ಲೇ ಬಿಟ್ಟು, ಟೀಚರ್ ಕಡೆಗೆ ತಿರುಗಿದ. "ನೀನು… ಬೇಕಂತ ಮಾಡಿದೀಯ. ನಾಳೆನೇ ನಿನ್ನ ಮ್ಯಾನೇಜರ್‌ಗೆ ಹೇಳಿ ಈ ಕೆಲಸಾನೂ ಕಿತ್ಹಾಕಿಸ್ತೀನಿ, ನೋಡ್ತಿರು!"

"ಹೇಳಿ ಸಾರ್, ಖಂಡಿತ ಹೇಳಿ," ಎಂದಳು ಟೀಚರ್. "ಏನಂತ ಹೇಳ್ತೀರಿ? ನಲವತ್ತರಲ್ಲಿ ಹೋಗ್ತಿದ್ದ ಕಾರಲ್ಲಿ ಕೂತು, ಇಲ್ಲದಿರೋ ಬ್ರೇಕ್ ಒತ್ತಿ ಒತ್ತಿ ಅರಚಿದೆ ಅಂತಾನಾ? ಊರಿಗೆಲ್ಲ ಡ್ರೈವಿಂಗ್ ಕಲಿಸೋರು ನೀವು. ಜನ ಕೇಳಿದ್ರೆ ಚೆನ್ನಾಗಿರುತ್ತಾ? 'ಒತ್ತಿದೆ, ಹಿಡೀಲಿಲ್ಲ' ಅಂತ ಹೇಳಿ ಬೇಕಾದ್ರೆ. ನಾನೂ ಹೇಳಿದ್ದೆ. ನಂಬ್ತಾರಾ ನೋಡೋಣ."

ಯಜಮಾನ ಬಾಗಿಲು ತೆಗೆದು ಇಳಿದ. ಬಾಗಿಲನ್ನು ಬೀಸಿ ಹಾಕಿದ, ಸದ್ದಾಗಲಿಲ್ಲ. ಕಿವಿಗೆ ಮೊಬೈಲು ಹಿಡಿದು ಇಳಿಜಾರನ್ನು ಏರಿ ಹೊರಟ. ಏರು ಜಾಸ್ತಿ. ಅರ್ಧಕ್ಕೇ ಏದುಸಿರು ಬಂದು, ಲೈಟು ಕಂಬ ಹಿಡಿದು ನಿಂತ. ಟೀಚರ್ ಅದನ್ನೆಲ್ಲ ಕನ್ನಡಿಯಲ್ಲಿ ಕಣ್ತುಂಬ ನೋಡಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನನ್ನು ಕಳ್ಳ ಎಂದೂ ಯಾರೂ ಕರೆದಿರಲಿಲ್ಲ! ಎಷ್ಟು ಖುಷಿಯಾಯಿತೆಂದರೆ, ನಾಳೆ ಕೆಲಸ ಹೋಗುವುದಿದ್ದರೆ ಹೋಗಲಿ ಅನ್ನಿಸಿತು. ಅವನು ಎಡವಿ ಬಿದ್ದಿದ್ದರೆ ಇನ್ನೂ ಚೆನ್ನಾಗಿತ್ತು. ಬೀಳಲಿಲ್ಲ.

ಕನ್ನಡಿಯಲ್ಲಿ ಈಗ ತಂಗಿಯ ಮುಖ ಕಂಡಿತು. ಬಣ್ಣ ಹೋಗಿ ಕಾಗದದಂತಾಗಿತ್ತು. ಬಾಗಿಲಿನ ಹಿಡಿಕೆಯನ್ನು ಇನ್ನೂ ಬಿಟ್ಟಿರಲಿಲ್ಲ. ಇವಳನ್ನು ಹೀಗೆ ಹೆದರಿಸಿದ್ದು ನಾನೇ ಎಂದು ಟೀಚರಿಗೆ ತಿಳಿಯದೆ ಇರಲಿಲ್ಲ. ಆದರೂ ಎರಡು ವರ್ಷದ ಉರಿ ಯಜಮಾನ ಒಬ್ಬನ ಮೇಲಿನದಲ್ಲ. ಅವನು ಹೊರಗಿನವನು, ತನ್ನನ್ನು ಉಳಿಸಿಕೊಳ್ಳಲು ಸುಳ್ಳು ಹೇಳಿದ. ಇವಳು ಒಡಹುಟ್ಟಿದವಳು, ಆ ಸುಳ್ಳನ್ನು ನಂಬಿದಳು. ಯಾವುದು ಹೆಚ್ಚು ಸುಟ್ಟಿತು ಎಂದು ಕೇಳಿದರೆ ಟೀಚರ್ ಯಜಮಾನನ ಹೆಸರು ಹೇಳುತ್ತಿರಲಿಲ್ಲ.

"ನಿಮ್ಮನ್ನ ಎಲ್ಲಿ ಬಿಡ್ಬೇಕು ಮೇಡಂ?" ಎಂದು ಕೇಳಿದಳು.

ಹಿಂದಿನ ಬಾಗಿಲು ತೆರೆದುಕೊಂಡಿತು. ಹೋಗುತ್ತಾಳೆ, ಹೋಗಲಿ ಎಂದುಕೊಂಡು ಟೀಚರ್ ತಿರುಗಿ ನೋಡಲಿಲ್ಲ. ತೆರೆದ ಬಾಗಿಲಿನಿಂದ ಕೇಳುತ್ತಿದ್ದ ಕಾಲೆಳೆಯುವ ಸದ್ದು ಕಾರಿನ ಹಿಂದಿನಿಂದ ಬಳಸಿಕೊಂಡು ಇನ್ನೊಂದು ಬದಿಗೆ ಬಂತು. ಮುಂದಿನ ಬಾಗಿಲು ತೆರೆಯಿತು. ತಂಗಿ ಪಕ್ಕದ ಸೀಟಿನಲ್ಲಿ ಕೂತಳು. ಸೀಟು ಇನ್ನೂ ಬಿಸಿಯಾಗಿದ್ದಿರಬೇಕು, ಒಮ್ಮೆ ಸರಿದು ಕೂತಳು.

ಇಬ್ಬರೂ ಗೋಡೆಯನ್ನೇ ನೋಡುತ್ತಿದ್ದರು. ಆಮೇಲೆ ತಂಗಿ ಕೆಳಗೆ ನೋಡಿದಳು. ದಪ್ಪ ನೆಲಹಾಸಿನಲ್ಲಿ ಯಜಮಾನನ ಬೂಟು ಒತ್ತಿದ ಕಡೆ ಒಂದು ಗುಳಿ ಬಿದ್ದಿತ್ತು. ಅವಳು ತನ್ನ ಸರಿಯಿಲ್ಲದ ಕಾಲನ್ನು ಎರಡೂ ಕೈಯಿಂದ ಎತ್ತಿ ಅದರ ಮೇಲೆ ಇಟ್ಟು, ಒತ್ತಿದಳು.

ದಡ್.

ತಲೆ ಓರೆ ಮಾಡಿ ಕೇಳಿಸಿಕೊಂಡಳು. ಯಾರೋ ಬಾಗಿಲು ಬಡಿದ ಹಾಗೆ. ಕಾಲೆತ್ತಿ ಇನ್ನೊಮ್ಮೆ ಒತ್ತಿದಳು.

ಟೀಚರ್ ಕೈ ಚಾಚಿ ಎಂಜಿನ್ ಆರಿಸಿದಳು.